ಹಳೆಯ ಗಣಿಯಲ್ಲಿ ಬೆಳಕು ತೂಗಿದ್ದು

ಆ ಬಾವಿಯನ್ನು ತೋರಿಸಿಕೊಟ್ಟವಳು ನಾನೇ. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿ ಬಿಟ್ಟು ಒಳಗೆ ನಡೆದರೆ ಒಂದು ಬೋಳು ಗುಡ್ಡ ಸಿಗುತ್ತದೆ. ನಾನು ಹುಟ್ಟುವುದಕ್ಕೂ ಮುಂಚೆ ಯಾರೋ ಅದಿರು ಹುಡುಕುತ್ತ ಅದರ ಇಳಿಜಾರಿನಲ್ಲಿ ನೇರ ಕೆಳಕ್ಕೆ ತೋಡಿ, ಸಿಕ್ಕದ್ದು ಸಾಲದೆಂದು ಬಿಟ್ಟುಹೋಗಿದ್ದರು. ಜನ ಬಾವಿ ಎನ್ನುತ್ತಿದ್ದರೂ ಅದರಲ್ಲಿ ನೀರಿರಲಿಲ್ಲ. ಎತ್ತರದ ತೆಂಗಿನ ಮರವನ್ನು ಇಳಿಬಿಟ್ಟರೆ ಸುಳಿಯೂ ಕಾಣದಷ್ಟು ಆಳ. ನಮ್ಮ ಮಂದೆಯ ಒಂದು ಟಗರು ಅದರಲ್ಲಿ ಬಿದ್ದು ಸತ್ತ ಮೇಲೆ ಅಪ್ಪ ಸುತ್ತಲೂ ಕಾರೆಮುಳ್ಳು ಕಡಿದು ಹಾಕಿದ್ದ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾನು ಬಾಗೂರಿನ ಕಡೆಯ ಕುರಿ ಸಾಕುವ ಮನೆಯ ಮಗಳು. ಸಿರಿಗೆರೆಯಲ್ಲಿ ಹೈಸ್ಕೂಲು, ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಮುಗಿಸಿ, ದೊಡ್ಡ ಊರಿಗೆ ಹೋಗಿ ಎಂ.ಎಸ್ಸಿ.ಯನ್ನೂ ಮಾಡಿ, ಅಲ್ಲೇ ಒಬ್ಬ ಪ್ರೊಫೆಸರರ ಕೈಕೆಳಗೆ ಭೌತಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ನಮ್ಮ ವಿಭಾಗದಲ್ಲಿ ಸಂಶೋಧನೆ ಮಾಡುವ ಹೆಣ್ಣು ನಾನೊಬ್ಬಳೇ. ಅದು ನನಗೆ ಎಂದೂ ಭಾರವೆನಿಸಲಿಲ್ಲ. ನೂರಾರು ಕುರಿಗಳ ನಡುವೆ ನಮ್ಮ ಮರಿ ಯಾವುದೆಂದು ದೂರದಿಂದಲೇ ಹೇಳುತ್ತಿದ್ದವಳು ನಾನು. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆಯಿತ್ತು.

ಪ್ರೊಫೆಸರರು ಮೈಸೂರು ಕಡೆಯವರು. ತೆಳ್ಳಗೆ, ಎತ್ತರಕ್ಕೆ, ಸದಾ ಅವಸರದಲ್ಲಿರುವಂತೆ ಕಾಣುತ್ತಿದ್ದರು. ಅವರ ಆಸೆಯನ್ನು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಭೂಮಿ ಬೆಳಕನ್ನು ಹೇಗೆ ಎಳೆಯುತ್ತದೆಂದು ಅಳೆಯಬೇಕು. ಮೇಲಕ್ಕೆ ಎಸೆದ ಕಲ್ಲು ಏರುತ್ತ ಏರುತ್ತ ವೇಗ ಕಳೆದುಕೊಳ್ಳುತ್ತದೆ. ಬೆಳಕಿನ ವೇಗ ಹಾಗೆ ಇಳಿಯುವುದಿಲ್ಲ. ಆದರೆ ಏರುವ ಶ್ರಮ ಅದಕ್ಕೂ ಇದೆ, ಅದು ಕಂಪನದಲ್ಲಿ ಕಾಣಿಸಿಕೊಳ್ಳುತ್ತದೆ. ಕೆಳಗಿನಿಂದ ಹೊರಟ ಬೆಳಕು ಮೇಲೆ ತಲುಪುವಾಗ ಸೆಕೆಂಡಿಗೆ ಒಂದಿಷ್ಟು ಕಡಿಮೆ ಸಲ ಕಂಪಿಸುತ್ತದೆ. ಆ 'ಒಂದಿಷ್ಟು' ಎಷ್ಟೆಂಬುದನ್ನು ಹೊರದೇಶದವರು ಒಂದು ಗೋಪುರದಲ್ಲಿ ಹತ್ತು-ಹನ್ನೆರಡು ವರ್ಷ ಮೊದಲೇ ಅಳೆದಿದ್ದರು. ನಮ್ಮವರು ಯಾರೂ ಅಳೆದಿರಲಿಲ್ಲ.

"ಇಲ್ಲಿ ಯಾವ ಕಟ್ಟಡದಲ್ಲಿ ಮಾಡೋಣ ಹೇಳಮ್ಮ? ಒಂದು ಲಾರಿ ಹೋದರೆ ಗೋಡೆಯೆಲ್ಲ ನಡುಗುತ್ತೆ," ಎಂದರು ಒಂದು ದಿನ.

"ಎತ್ತರದ ಕಟ್ಟಡ ಯಾಕೆ ಬೇಕು ಸಾರ್? ಆಳದ ಬಾವಿ ಸಾಲದೆ?" ಎಂದೆ.

ಮುಂದಿನ ವಾರವೇ ಅವರನ್ನು ಜೀಪಿನಲ್ಲಿ ಕರೆತಂದು ಕಾರೆಮುಳ್ಳು ಸರಿಸಿ ತೋರಿಸಿದೆ. ಅವರು ಅಂಚಿನಲ್ಲಿದ್ದ ಚಪ್ಪಟೆ ಬಂಡೆಯ ಮೇಲೆ ಬೋರಲಾಗಿ ಮಲಗಿ, ತೂಗುಗುಂಡು ಇಳಿಬಿಟ್ಟು, ಬಹಳ ಹೊತ್ತು ನೋಡಿದರು. ಎದ್ದು ಅಂಗಿ ಕೊಡವಿಕೊಳ್ಳುವಾಗ ಅವರ ಮುಖದಲ್ಲಿ ಮಗುವಿನ ಖುಷಿ.

ಕೆಲಸಕ್ಕೆ ಒಬ್ಬ ನಂಬಿಕೆಯ ಆಳು ಬೇಕಾಗಿತ್ತು. ಹೊಳಲ್ಕೆರೆಯವನೇ ಒಬ್ಬ ಸಿಕ್ಕಿದ. ಗಣಿಗಳಲ್ಲಿ ಹಗ್ಗ, ರಾಟೆ ಹಿಡಿದು ಪಳಗಿದ ಗಟ್ಟಿ ಮನುಷ್ಯ. ಅವನು ಬಾವಿಯ ಬಾಯಿಗೆ ಮರದ ತೊಲೆ ಕೂರಿಸಿ, ರಾಟೆ ಕಟ್ಟಿ, ದೊಡ್ಡ ಕಬ್ಬಿಣದ ತೊಟ್ಟಿಯಲ್ಲಿ ನಮ್ಮನ್ನು ಇಳಿಸುತ್ತಿದ್ದ. ಮೊದಲ ದಿನ ಅವನು ಪ್ರೊಫೆಸರರ ಕಡೆ ನೋಡಿ, "ಬರ್ರಿ ಸಾರ್, ಕುಂತ್ಕಳ್ರಿ," ಎಂದ. ಅವರು ಹಿಂದೆ ಸರಿದರು. ಬಂಡೆಗಂಟಿ ಮಲಗಿ ಇಣುಕಬಲ್ಲ ಅವರಿಗೆ, ತೂಗಾಡುತ್ತ ಇಳಿಯುವುದೆಂದರೆ ತಲೆಸುತ್ತು ಬರುತ್ತದೆಂದು ಆಗ ಗೊತ್ತಾಯಿತು. ನಾನು ಸೀರೆಯ ಸೆರಗು ಬಿಗಿದು ತೊಟ್ಟಿಯಲ್ಲಿ ಕೂತೆ.

"ಅಕ್ಕಾರೇ, ಹೆದ್ರಿಕಿ ಆದ್ರೆ ಹಗ್ಗ ಅಲ್ಲಾಡಿಸ್ರಿ, ಎಳ್ಕಂತೀನಿ."

"ಹೆದ್ರಿಕಿ ಆದ್ರೆ ತಾನೆ? ಬಿಡಪ್ಪ ಕೆಳಕ್ಕೆ," ಎಂದೆ. ಅಂದಿನಿಂದ ಬಾವಿಯ ತಳ ನನ್ನದಾಯಿತು, ಬಾವಿಯ ಬಾಯಿ ಪ್ರೊಫೆಸರರದು.

ನಾವು ಅಳೆಯಬೇಕಾಗಿದ್ದ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಗ್ಯಾಮಾ ಕಿರಣ. ಸೀಸದ ಡಬ್ಬಿಯಲ್ಲಿ ತರಿಸಿದ್ದ ವಿಕಿರಣಶೀಲ ಕೋಬಾಲ್ಟು, ಸವೆದು ಕಬ್ಬಿಣವಾಗುತ್ತ, ಆ ಕಿರಣವನ್ನು ಬಿಡುತ್ತದೆ. ಅದನ್ನು ತಳದಲ್ಲಿಟ್ಟೆವು. ಮೇಲೆ, ಬಾವಿಯ ಬಾಯಲ್ಲಿ, ಕಬ್ಬಿಣದ ತೆಳು ಹಾಳೆ, ಅದರ ಹಿಂದೆ ಕಿರಣಗಳನ್ನು ಎಣಿಸುವ ಯಂತ್ರ. ಕೆಳಗಿನ ಕಿರಣದ ಕಂಪನವೂ ಮೇಲಿನ ಹಾಳೆಯ ಪರಮಾಣುಗಳ ಕಂಪನವೂ ಸರಿಯಾಗಿ ಒಂದೇ ಆದರೆ ಹಾಳೆ ಕಿರಣವನ್ನು ನುಂಗುತ್ತದೆ, ಎಣಿಕೆ ಇಳಿಯುತ್ತದೆ. ಏರುವ ಶ್ರಮಕ್ಕೆ ಕಂಪನ ಕುಗ್ಗಿದ್ದರೆ ಎರಡೂ ಹೊಂದುವುದಿಲ್ಲ. ಹೊಂದಿಸಬೇಕಾದರೆ ಕೋಬಾಲ್ಟನ್ನು ಮೇಲ್ಮುಖವಾಗಿ ಮೆಲ್ಲಗೆ ಸರಿಸಬೇಕು. ನಮ್ಮ ಕಡೆಗೆ ಬರುವ ರೈಲಿನ ಸಿಳ್ಳೆ ಏರುದನಿಯಲ್ಲಿ ಕೇಳುತ್ತದಲ್ಲ, ಹಾಗೆ ಕುಗ್ಗಿದ ಕಂಪನ ಮತ್ತೆ ಏರುತ್ತದೆ. ಎಷ್ಟು ವೇಗದಲ್ಲಿ ಸರಿಸಿದರೆ ಹೊಂದಿತೆಂದು ನೋಡಿದರೆ, ಎಷ್ಟು ಕುಗ್ಗಿತ್ತೆಂದು ತಿಳಿಯುತ್ತದೆ. ಲೆಕ್ಕದ ಪ್ರಕಾರ ನಮ್ಮ ಬಾವಿಗೆ ಬೇಕಾದ ವೇಗ, ಒಂದು ಗಂಟೆಯಲ್ಲಿ ಎರಡು ರಾಗಿಕಾಳಿನಷ್ಟು ದೂರ. ಅಷ್ಟು ಸಣ್ಣ ಚಲನೆಯನ್ನು ಹಿಡಿಯಲು ನಾವು ತಂತಿಸುರುಳಿಯ ಒಂದು ಯಂತ್ರ ಕಟ್ಟಿದ್ದೆವು. ಧ್ವನಿವರ್ಧಕದ ಒಳಗಿರುವಂಥದ್ದೇ, ವಿದ್ಯುತ್ತು ಹರಿಸಿದರೆ ಕೋಬಾಲ್ಟನ್ನು ನವಿರಾಗಿ ಅಲುಗಿಸುತ್ತಿತ್ತು.

ಇನ್ನೊಂದು ತೊಡಕಿತ್ತು. ಬಾವಿಯ ಗಾಳಿಯೇ ಆ ಕಿರಣವನ್ನು ಬಹುಪಾಲು ತಿಂದುಬಿಡುತ್ತದೆ. ಅದಕ್ಕೆ ತಳದಿಂದ ಬಾಯಿಯವರೆಗೆ ಪ್ಲಾಸ್ಟಿಕ್ಕಿನ ಒಂದು ಕೊಳವೆ ಹಾಕಿ ಹೀಲಿಯಂ ಎಂಬ ಹಗುರ ಅನಿಲ ತುಂಬಬೇಕು. ಚಿತ್ರದುರ್ಗದ ಪೇಟೆಯಲ್ಲಿ ಪ್ಲಾಸ್ಟಿಕ್ ಹಾಳೆ ಕೊಂಡು, ಇಸ್ತ್ರಿಪೆಟ್ಟಿಗೆಯಿಂದ ಅಂಚು ಕಾಯಿಸಿ ಅಂಟಿಸಿ ಕೊಳವೆ ಮಾಡಿದೆವು. ಹಿರಿಯೂರಿನಿಂದ ಡೀಸೆಲ್ ಜನರೇಟರು ಬಂತು. ಅದರ ನಡುಕ ತಾಗದಿರಲೆಂದು ಗುಡ್ಡದ ಆಚೆ ಮಗ್ಗುಲಿಗೆ ಇಟ್ಟು ತಂತಿ ಎಳೆದೆವು. ಇಷ್ಟೆಲ್ಲ ಸಾಮಾನು ಕಂಡ ಮೇಲೆ ಸುತ್ತಲ ಹಳ್ಳಿಯವರು ಸುಮ್ಮನಿರುತ್ತಾರೆಯೇ?

"ಅಕ್ಕಾರೇ, ನಿಧಿ ಐತಂತಲ್ಲ ಒಳಗೆ?" ಎಂದು ಒಬ್ಬ ಹಿರಿಯರು ಕೇಳಿಯೇಬಿಟ್ಟರು.

"ನಿಧಿ ಇದ್ರೆ ಇಷ್ಟೊತ್ತಿಗೆ ನಮ್ಮ ಟಗರಿಗೇ ಸಿಕ್ಕಿರ್ತಿರ್ಲಿಲ್ವಾ ಯಜಮಾನ್ರೇ?" ಎಂದೆ. ಟಗರು ಬಿದ್ದ ಕಥೆ ಅವರಿಗೂ ಗೊತ್ತಿತ್ತು. ನಕ್ಕು ಹೋದರು. ಆಮೇಲೆ ಯಾರೂ ಕೇಳಲಿಲ್ಲ.

ಕೊಯ್ಲು ಮುಗಿದು ಹೊಲಗಳು ಖಾಲಿಯಾದಾಗ ಅಪ್ಪ ಮಂದೆ ಹೊಡೆದುಕೊಂಡು ಆ ಕಡೆ ಬಂದ. ಗೊಬ್ಬರಕ್ಕೆಂದು ರೈತರು ತಮ್ಮ ಹೊಲದಲ್ಲಿ ರಾತ್ರಿಯಿಡೀ ಕುರಿ ನಿಲ್ಲಿಸಿ ತರುಬಿಸಿಕೊಳ್ಳುವ ಕಾಲ ಅದು. ಬಿಸಿಲೇರಿದ ಮೇಲೆ ಕುರಿಗಳನ್ನು ನನ್ನ ತಮ್ಮನ ಸುಪರ್ದಿಗೆ ಬಿಟ್ಟು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಗುಡ್ಡ ಹತ್ತಿದ. ನಾನು ಆಗತಾನೆ ತೊಟ್ಟಿಯಿಂದ ಮೇಲೆ ಬಂದಿದ್ದೆ. ಮೈಯೆಲ್ಲ ಕೆಮ್ಮಣ್ಣು.

"ಏನವ್ವ, ಬೆಳಕು ತೂಗ್ತೀಯಂತೆ?"

"ಹೂನಪ್ಪ. ಮೇಲಕ್ಕೆ ಹತ್ತಾಗ ಎಷ್ಟು ಸೊರಗ್ತೈತೆ ಅಂತ ನೋಡ್ತೀವಿ."

ಅಪ್ಪ ಬಾವಿಯೊಳಗೆ ಒಮ್ಮೆ ಬಗ್ಗಿ ನೋಡಿದ. "ಸೊರಗೋದು ಗೊತ್ತಾದ್ರೆ ಏನು ಮಾಡ್ತೀರಿ?"

ಪ್ರೊಫೆಸರರು ಏನೋ ದೊಡ್ಡ ಉತ್ತರ ಹುಡುಕುತ್ತಿದ್ದರು. ನಾನೇ ಹೇಳಿದೆ. "ಏನೂ ಮಾಡಲ್ಲಪ್ಪ. ಗೊತ್ತಾಗ್ತೈತೆ, ಅಷ್ಟೆ."

"ಅಷ್ಟಾದ್ರೆ ಸಾಕು ಬಿಡು," ಎಂದ ಅಪ್ಪ, ನಿಜವಾಗಿಯೂ ಅಷ್ಟು ಸಾಕೆನ್ನುವವನಂತೆ. ಆಮೇಲೆ ಪ್ರೊಫೆಸರರ ಕಡೆ ತಿರುಗಿ, "ಸಾರ್, ನಮ್ ಹುಡುಗಿ ಒಂದು ಹಿಡಿದ್ರೆ ಬಿಡಲ್ಲ. ನೀವು ಬೇಜಾರು ಮಾಡ್ಕಬ್ಯಾಡ್ರಿ," ಎಂದ. ಅವರು ನಕ್ಕರು. ಬಾವಿಯ ಬಾಯಲ್ಲಿ ಬೀಸುವ ಚಳಿಗಾಲದ ಗಾಳಿಗೆ ಹಾಳೆ ಒಮ್ಮೆ ತಣ್ಣಗೆ, ಒಮ್ಮೆ ಬೆಚ್ಚಗೆ ಆಗುವುದು ನಮಗೆ ತಲೆನೋವಾಗಿತ್ತು. ಅದನ್ನು ಹೇಳಿದಾಗ ಅಪ್ಪ ಹೆಗಲ ಮೇಲಿನ ಕಂಬಳಿ ಅಲ್ಲೇ ಬಿಚ್ಚಿ ಕೊಟ್ಟ. ಮರುದಿನ ಇನ್ನೂ ನಾಲ್ಕಾರು ಕಂಬಳಿ ಕಳಿಸಿದ. ಹಾಳೆಯ ಪೆಟ್ಟಿಗೆಗೆ ಅವನ್ನು ಸುತ್ತಿದ ಮೇಲೆ ಮೇಲಿನ ಶಾಖ ಕದಲದೆ ನಿಂತಿತು. ಪ್ರಯೋಗದುದ್ದಕ್ಕೂ ಅಲ್ಲಿ ಕುರಿ ವಾಸನೆ. ನನಗದು ಮನೆಯ ವಾಸನೆ, ಪ್ರೊಫೆಸರರು ಮಾತ್ರ ಮೂಗಿಗೆ ಕರವಸ್ತ್ರ ಹಿಡಿದೇ ಎಣಿಕೆ ಓದುತ್ತಿದ್ದರು.

ಎಣಿಕೆ ಶುರುವಾಯಿತು. ಒಂದು ದಿನದ ಎಣಿಕೆಯಿಂದ ಏನೂ ತಿಳಿಯದು. ದಿನಗಟ್ಟಲೆ ಕೂಡಿಸಬೇಕು. ಅತ್ತ ಕೋಬಾಲ್ಟು ಕಾಯುವುದಿಲ್ಲ, ಒಂಬತ್ತು ತಿಂಗಳಿಗೆ ಅದರ ಕಸುವು ಅರ್ಧವಾಗುತ್ತದೆ. ಹಾಗಾಗಿ ಬಿಡುವಿಲ್ಲದೆ ದುಡಿದೆವು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಪ್ರೊಫೆಸರರು ಕೂಡಿಸಿ, ಭಾಗಿಸಿ, ಪೆನ್ನು ಕೆಳಗಿಟ್ಟರು.

"ಎರಡರಷ್ಟು ಬರ್ತಾ ಇದೆ," ಎಂದರು. "ಸಿದ್ಧಾಂತ ಹೇಳಿದ್ದಕ್ಕಿಂತ ಎರಡರಷ್ಟು. ಗೊತ್ತೇನಮ್ಮ ಇದರ ಅರ್ಥ?"

ಅರ್ಥ ಗೊತ್ತಿತ್ತು. ಅದು ನಿಜವಾದರೆ ಗುರುತ್ವದ ಬಗ್ಗೆ ಶತಮಾನದ ಅತಿದೊಡ್ಡ ಸಿದ್ಧಾಂತ ತಪ್ಪು, ಅದನ್ನು ತಪ್ಪೆಂದು ತೋರಿಸಿದವರು ನಾವು. ಅವರು ಅಂದು ಊಟ ಮಾಡಲಿಲ್ಲ. ಗುಡ್ಡದ ಮೇಲೆ ಅತ್ತಿಂದಿತ್ತ ಓಡಾಡಿದರು. ಮುಂದಿನ ತಿಂಗಳ ವಿಜ್ಞಾನಿಗಳ ಸಮ್ಮೇಳನದಲ್ಲಿ ಇದನ್ನು ಹೇಳಿಯೇ ಬಿಡುವುದೆಂದು ನಿರ್ಧರಿಸಿದರು. ನನಗೂ ಒಂದು ಗಳಿಗೆ ಆಸೆಯಾಯಿತು. ಆದರೆ ಒಳಗೆ ಏನೋ ಒಪ್ಪಲಿಲ್ಲ. ಸರಿಯಾಗಿ ಎರಡರಷ್ಟು ಯಾಕೆ ಬರಬೇಕು? ಆ ಪ್ರಶ್ನೆ ಹಿಡಿದುಕೊಂಡೇ ಮರುದಿನ ಕೆಳಗಿಳಿದೆ.

ಬಾವಿಯ ತಳದಲ್ಲಿ ಒಂದು ಹಲ್ಲಿಯಿತ್ತು. ದಿನವೂ ಅದನ್ನು ನೋಡುತ್ತಿದ್ದೆ. ಹಗ್ಗದವನಿಗೆ ಹೇಳಿದಾಗ, "ಯಂತ್ರದ ಮ್ಯಾಲೆ ಹಲ್ಲಿ ಕುಂತ್ರೆ ಒಳ್ಳೇ ಶಕುನ ಕಣ್ರಿ ಅಕ್ಕಾರೇ," ಎಂದಿದ್ದ. ಅಂದು ಶಕುನದ ಮಾತು ಬಿಟ್ಟು ಹಲ್ಲಿಯನ್ನೇ ನೋಡುತ್ತ ಕೂತೆ. ತಳದಲ್ಲಿ ಬೇಕಾದಷ್ಟು ಕಲ್ಲುಸಂದಿಗಳಿದ್ದವು. ಅದು ಅವೆಲ್ಲ ಬಿಟ್ಟು ತಂತಿಸುರುಳಿಯ ಪೆಟ್ಟಿಗೆಗೆ ಹೊಟ್ಟೆ ಅಂಟಿಸಿಕೊಂಡು ಕೂರುತ್ತಿತ್ತು. ಅದೂ ಜನರೇಟರು ಓಡುವಾಗ ಮಾತ್ರ. ಚಳಿಗೆ ಕುರಿಮರಿಗಳು ತಾಯಿ ಮಲಗೆದ್ದ ಜಾಗ ಹುಡುಕಿ ಮಲಗುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿದ್ದೆ. ಪೆಟ್ಟಿಗೆಗೆ ಅಂಗೈ ಒತ್ತಿದೆ. ಬಿಸಿ ಅನ್ನುವಂತಿಲ್ಲ. ಆದರೆ ಪಕ್ಕದ ಕಲ್ಲು ಮುಟ್ಟಿ ಮತ್ತೆ ಅದನ್ನು ಮುಟ್ಟಿದರೆ ವ್ಯತ್ಯಾಸ ಇತ್ತು.

ಅಷ್ಟು ಸಾಕಾಗಿತ್ತು. ಬಿಸಿಯಾದ ಕಬ್ಬಿಣದಲ್ಲಿ ಪರಮಾಣುಗಳು ಹೆಚ್ಚು ನಡುಗುತ್ತವೆ. ಹೆಚ್ಚು ನಡುಗುವ ಪರಮಾಣು ಬಿಡುವ ಕಿರಣದ ಕಂಪನ ತುಸು ಕಡಿಮೆ. ಮೇಲಿನದಕ್ಕಿಂತ ಕೆಳಗಿನದು ಒಂದು ಡಿಗ್ರಿ ಬಿಸಿಯಾದರೂ ಸಾಕು, ನಮ್ಮ ಇಡೀ ಬಾವಿಯ ಗುರುತ್ವ ಮಾಡುವಷ್ಟು ಕೆಲಸವನ್ನು ಅದೊಂದೇ ಮಾಡಿಬಿಡುತ್ತದೆ. ಇದು ನಮಗೆ ತಿಳಿಯದ್ದಲ್ಲ. ಅದಕ್ಕೇ ಕೆಳಗೊಂದು, ಮೇಲೊಂದು ಉಷ್ಣಮಾಪಕ ಇಟ್ಟು ಲೆಕ್ಕ ಸರಿಪಡಿಸುತ್ತಿದ್ದೆವು. ಆದರೆ ಕೆಳಗಿನದು ಇದ್ದದ್ದು ಗೋಡೆಯ ಮೇಲೆ, ಕೋಬಾಲ್ಟಿನಿಂದ ಒಂದು ಮಾರು ದೂರ. ಅದು ಬಾವಿಯ ಶಾಖ ಹೇಳುತ್ತಿತ್ತೇ ಹೊರತು, ವಿದ್ಯುತ್ತು ಹರಿದು ಬೆಚ್ಚಗಾದ ಸುರುಳಿಗೆ ಅಂಟಿಕೊಂಡಿದ್ದ ಕೋಬಾಲ್ಟಿನದನ್ನಲ್ಲ.

ಹಗ್ಗ ಅಲ್ಲಾಡಿಸಿದೆ. ಮೇಲೆ ಬಂದವಳೇ ಹೇಳಿದೆ, "ಸಾರ್, ಅದು ಗುರುತ್ವ ಅಲ್ಲ. ಅರ್ಧ ಗುರುತ್ವ, ಅರ್ಧ ಬಿಸಿ."

ಅವರು ಮುಖ ಗಂಟಿಕ್ಕಿದರು. "ಉಷ್ಣಮಾಪಕ ನೋಡಿದೀವಲ್ಲ?"

"ಗೋಡೇದು ನೋಡಿದೀವಿ ಸಾರ್."

"ಕೈಯಲ್ಲಿ ಮುಟ್ಟಿ ನೋಡಿ ಭೌತಶಾಸ್ತ್ರ ಹೇಳ್ತೀಯೇನಮ್ಮ?" ಅವರಿಗೆ ನನ್ನ ಮೇಲೆ ಸಿಟ್ಟು ಬಂದದ್ದು ಅದೊಂದೇ ಸಲ. "ಇಷ್ಟು ದೊಡ್ಡ ಫಲಿತಾಂಶ ಕೈಗೆ ಬಂದಿರುವಾಗ..."

"ಹಾಗಾದರೆ ತಿರುಗಿಸಿ ನೋಡೋಣ," ಎಂದೆ. ನನ್ನ ಧ್ವನಿ ಏರಲಿಲ್ಲ. "ಕೋಬಾಲ್ಟು, ಸುರುಳಿ ಎರಡನ್ನೂ ಮೇಲಕ್ಕೆ ತರೋಣ. ಹಾಳೆ ಕೆಳಗಿಡೋಣ. ಈಗ ಬೆಳಕು ಇಳಿಯುತ್ತೆ, ಗುರುತ್ವ ಅದರ ಕಂಪನ ಏರಿಸಬೇಕು. ಬಿಸಿ ಮಾತ್ರ ಕೋಬಾಲ್ಟಿನ ಜೊತೆಗೇ ಬರುತ್ತೆ, ಎಲ್ಲಿಟ್ಟರೂ ಕಂಪನ ಇಳಿಸುತ್ತೆ. ನೀವು ಹೇಳೋದು ನಿಜ ಆದರೆ ಎರಡರಷ್ಟೇ ಬರಬೇಕು, ತಿರುವುಮುರುವಾಗಿ. ನಾನು ಹೇಳೋದು ನಿಜ ಆದರೆ ಒಂದು ಏರಿಸಿದ್ದನ್ನ ಇನ್ನೊಂದು ಇಳಿಸಿ, ಏನೂ ಬರಬಾರದು."

"ಏನೂ ಅಂದರೆ?"

"ಸೊನ್ನೆ ಸಾರ್."

ತಿರುಗಿಸುವುದು ಎಂದರೆ ಕೊಳವೆಯ ಅನಿಲ ಬಿಟ್ಟು, ಕಿರಣ ತಡೆಯಲು ಸುತ್ತ ಪೇರಿಸಿದ್ದ ಸೀಸದ ಇಟ್ಟಿಗೆಗಳನ್ನೆಲ್ಲ ಎತ್ತಿ, ಮತ್ತೆ ಮೊದಲಿನಿಂದ ಕಟ್ಟುವುದು. ಕೊನೆಯಲ್ಲಿ ಒಮ್ಮೆ ಮಾಡುವುದೆಂದು ಇಟ್ಟುಕೊಂಡಿದ್ದ ಕೆಲಸ. ಅಷ್ಟರಲ್ಲಿ ಸಮ್ಮೇಳನ ಮುಗಿದುಹೋಗುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಕೊನೆಗೆ ಅವರು ಹಗ್ಗದವನನ್ನು ಕೂಗಿ, "ಬಾರಪ್ಪ, ಎಲ್ಲ ಮೇಲಕ್ಕೆ ಎಳಿ," ಎಂದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಅವರ ಪಾಠಗಳಿಂದಲ್ಲ. ಆ ಒಂದು ಮಾತಿನಿಂದ.

ಎಳೆದೆವು. ಹಗ್ಗದವನ ಅಂಗೈಗೆ ಬೊಬ್ಬೆ ಬಂತು, ನನ್ನದಕ್ಕೂ ಬಂತು. ಸೀಸದ ಒಂದು ಇಟ್ಟಿಗೆ ಕೈಜಾರಿ ಅರ್ಧ ದಾರಿಯಲ್ಲಿ ಗೋಡೆಗೆ ಬಡಿದು ಕೆಳಗೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ. ಪ್ಲಾಸ್ಟಿಕ್ ಕೊಳವೆ ಎರಡು ಕಡೆ ಹರಿದು, ಮತ್ತೆ ಇಸ್ತ್ರಿಪೆಟ್ಟಿಗೆ ಕಾಯಿಸಿ ಕೂತೆವು. ಈ ಸಲ ನಾನು ಪಟ್ಟು ಹಿಡಿದು, ಕೋಬಾಲ್ಟು ಕೂರುವ ಬಿಲ್ಲೆಗೇ ತಾಗುವಂತೆ ಶಾಖ ಅಳೆಯುವ ಸಣ್ಣ ತಂತಿ ಬೆಸೆಯಿಸಿದೆ.

ಮತ್ತೆ ದಿನಗಟ್ಟಲೆ ಎಣಿಕೆ. ಈ ಸಲ ಕೂಡಿಸುವುದು ನನ್ನ ಕೆಲಸವಾಗಿತ್ತು. ಪ್ರೊಫೆಸರರು ಈಗ ಕೋಬಾಲ್ಟಿರುವ, ಕಂಬಳಿ ಸುತ್ತಿದ ಪೆಟ್ಟಿಗೆಯ ಪಕ್ಕ, ಗುಡ್ಡದ ಕಡೆ ಮುಖ ಮಾಡಿ ಕೂತಿದ್ದರು. ಕೂಡಿಸಿದೆ, ಇನ್ನೊಮ್ಮೆ ಕೂಡಿಸಿದೆ. ಸುರುಳಿ ಕೋಬಾಲ್ಟನ್ನು ಮೇಲ್ಮುಖವಾಗಿ ಸರಿಸಿದಾಗಿನ ಎಣಿಕೆಗೂ ಕೆಳಮುಖವಾಗಿ ಸರಿಸಿದಾಗಿನ ಎಣಿಕೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

"ಎಷ್ಟು?" ಎಂದರು, ತಿರುಗದೆ.

"ಏನೂ ಇಲ್ಲ ಸಾರ್."

ಅವರು ಎದ್ದು ಬಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ತಾವೂ ಲೆಕ್ಕ ಹಾಕಿದರು. ಬಿಲ್ಲೆಗೆ ಬೆಸೆದ ತಂತಿಯೂ ಅದನ್ನೇ ಹೇಳುತ್ತಿತ್ತು. ಸುತ್ತಲಿನ ಶಾಖಕ್ಕಿಂತ ಕೋಬಾಲ್ಟಿನದು ಒಂದು ಡಿಗ್ರಿ ಹೆಚ್ಚು, ಅದಕ್ಕಿಂತ ತುಸು ಮೇಲೆಯೇ. ಮೊದಲ ಸಲ ಬಂದದ್ದರಲ್ಲಿ ಈಗ ಬಂದದ್ದನ್ನು ಕಳೆದು ಅರ್ಧ ಮಾಡಿದರೆ ಬಿಸಿಯ ಪಾಲು ತಾನಾಗಿ ಕಳಚಿಹೋಗುತ್ತದೆ, ಉಳಿಯುವುದು ಬರೀ ಗುರುತ್ವ. ಅದು ಸಿದ್ಧಾಂತ ಹೇಳಿದಷ್ಟೇ ಇತ್ತು. ನಮ್ಮ ಅಳತೆಯಲ್ಲಿ ಕಾಲುಭಾಗದಷ್ಟು ಅತ್ತಿತ್ತ ಆಗುವ ಅನುಮಾನ ಉಳಿದಿತ್ತು ಅನ್ನುವುದು ನಿಜ. ಅಷ್ಟು ಒರಟಾದ ಅಳತೆ. ಆದರೆ ಇಲ್ಲದ್ದನ್ನು ಇದೆ ಎನ್ನುವಷ್ಟು ಒರಟಲ್ಲ.

"ಗೊತ್ತಿದ್ದದ್ದನ್ನೇ ಇನ್ನೊಂದು ಸಲ ಹೇಳಿದ ಹಾಗಾಯ್ತು," ಎಂದರು ಪ್ರೊಫೆಸರರು. ಧ್ವನಿಯಲ್ಲಿ ಕಹಿ ಇರಲಿಲ್ಲ, ದಣಿವಿತ್ತು.

"ಅವರಿಗೆ ಗೊತ್ತಿತ್ತು ಸಾರ್. ಈಗ ನಮಗೂ ಗೊತ್ತಾಯ್ತು," ಎಂದೆ.

ಅವತ್ತಿನ ನನ್ನ ಸಂತೋಷವನ್ನು ಅವರು ಅರ್ಥ ಮಾಡಿಕೊಂಡರೋ ಇಲ್ಲವೋ ತಿಳಿಯದು. ಪುಸ್ತಕದಲ್ಲಿ ಓದಿ ಒಪ್ಪಿಕೊಂಡಿದ್ದ ಸಂಗತಿ ಅದು. ಈಗ ಅದು ನಾನು ಓಡಾಡಿದ ಗುಡ್ಡದಲ್ಲಿ, ಕೆಮ್ಮಣ್ಣಿನ ಬಾವಿಯಲ್ಲಿ, ನನ್ನ ಬೊಬ್ಬೆ ಬಂದ ಕೈಗಳ ಕೆಳಗೆ ನಿಜವಾಗಿತ್ತು. ಕೆಳಗಿರುವ ಪರಮಾಣುವಿಗಿಂತ ಮೇಲಿರುವ ಪರಮಾಣು ಒಂದು ಕೂದಲೆಳೆ ವೇಗವಾಗಿ ಮಿಡಿಯುತ್ತದೆ. ಎಂದರೆ ತಳದಲ್ಲಿ ಕೂತ ನನಗಿಂತ ಬಾಯಲ್ಲಿ ಕೂತ ಅವರಿಗೆ ಕಾಲ ತುಸು ಬೇಗ ಸರಿದಿತ್ತು. ಇದನ್ನು ಹೇಳಿದಾಗ ಅವರು ಅಂದು ಮೊದಲ ಬಾರಿ ನಕ್ಕರು. "ಅದಕ್ಕೇ ನನ್ನ ತಲೆ ಇಷ್ಟು ಬೇಗ ನರೆತದ್ದು!"

ಎರಡು ವರ್ಷದ ಮೇಲೆ ನನ್ನ ಪ್ರಬಂಧದ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಟ ಮಗುಚುತ್ತ, "ನಿಮ್ಮ ಅಳತೆ ಬಹಳ ಒರಟಲ್ಲವೇ? ಇದರಿಂದ ಜಗತ್ತಿಗೆ ಹೊಸದೇನು ತಿಳಿಯಿತು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪ್ರೊಫೆಸರರು ಎದ್ದು ನಿಂತರು. ನಿಯಮದ ಪ್ರಕಾರ ಅವರು ಮಾತಾಡುವಂತಿರಲಿಲ್ಲ.

"ಇವಳು ಇಲ್ಲದಿದ್ದರೆ ಜಗತ್ತಿಗೆ ಒಂದು ಸುಳ್ಳು ಹೊಸದಾಗಿ ತಿಳೀತಿತ್ತು ಸಾರ್. ನಾನೇ ಹೇಳ್ತಿದ್ದೆ," ಎಂದು ಹೇಳಿ ಕೂತರು. ಪರೀಕ್ಷಕರು ಮುಂದೆ ಒಂದು ಗಂಟೆ ಕೇಳಿದ್ದೆಲ್ಲ ಆ ಒಂದು ಡಿಗ್ರಿಯ ಬಗ್ಗೆ. ಒಂದು ಪ್ರಶ್ನೆಗೂ ನಾನು ತಡವರಿಸಲಿಲ್ಲ.

ಚಿತ್ರದುರ್ಗದ ಕಾಲೇಜೊಂದರಲ್ಲಿ ಲೆಕ್ಚರರ್ ಆಗಿ ಸೇರಿದೆ. ದೊಡ್ಡ ಊರಿನಲ್ಲೇ ಉಳಿಯಬಹುದಿತ್ತು. ಉಳಿಯಬೇಕೆನಿಸಲಿಲ್ಲ. ತುರುವನೂರು, ಹಿರಿಯೂರು, ಹೊಸದುರ್ಗದ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಕೂರುವ ಮಕ್ಕಳಿಗೆ ಪಾಠ ಹೇಳುವುದು ನನಗೆ ಬೇಕಾಗಿತ್ತು. ಕೆಲಸಕ್ಕೆ ಸೇರಿದ ಒಂದೆರಡು ವರ್ಷದಲ್ಲಿ ಹೊರದೇಶದವರು ಅತಿ ನಿಖರವಾದ ಒಂದು ಗಡಿಯಾರವನ್ನು ರಾಕೆಟ್ಟಿನಲ್ಲಿ ಭೂಮಿಯಿಂದ ಬಹಳ ಎತ್ತರಕ್ಕೆ ಹಾರಿಸಿ, ನೆಲದ ಗಡಿಯಾರಕ್ಕಿಂತ ಅದು ವೇಗವಾಗಿ ಓಡಿದ್ದನ್ನು ಅಳೆದರೆಂಬ ಸುದ್ದಿ ಬಂತು. ನಮ್ಮ ಅಳತೆಗಿಂತ ಸಾವಿರಾರು ಪಾಲು ನಯ. ಅದನ್ನು ತರಗತಿಯಲ್ಲಿ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು ವಿದ್ಯಾರ್ಥಿನಿ ಎದ್ದು ನಿಂತಳು.

"ಮೇಡಂ, ಅವ್ರು ಹೇಳಿದ್ದು ಸರಿ ಐತಿ ಅಂತ ನಾವು ಹ್ಯಾಂಗ್ ನಂಬಾದು?"

ತರಗತಿ ನಕ್ಕಿತು. ನಾನು ನಗಲಿಲ್ಲ. ಬೋರ್ಡು ಒರೆಸಿ, ಒಂದು ಬಾವಿಯ ಚಿತ್ರ ಬರೆದು, ಅವಳನ್ನೇ ಮುಂದಕ್ಕೆ ಕರೆದು ಕೈಗೆ ಸೀಮೆಸುಣ್ಣ ಕೊಟ್ಟೆ.

"ಬಾರವ್ವ. ಬೆಳಕನ್ನ ಎಲ್ಲಿಡ್ತೀಯ, ಮೊದಲು ಅದು ಹೇಳು."